ವಿಸಿಸಿಗೆ 5 ವೋಲ್ಟ್ ನಡೀತದ, ಉಳಿದ ಪಿನ್ನಿಗೆ ನಡೆಯಂಗಿಲ್ಲ

ಆರ್ಡುಯಿನೋ ಊನೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡಿಗೆ 1.8 ಇಂಚಿನ ಎಸ್‌ಟಿ7735 ಕಲರ್ ಡಿಸ್‌ಪ್ಲೇ ನೇರವಾಗಿ ಜೋಡಿಸಬೇಡ್ರಿ. ಧಾರವಾಡದ ಡಿಪ್ಲೊಮಾ ಹುಡುಗರ ಪ್ರಾಜೆಕ್ಟಿನಲ್ಲಿ ಆಗಿದ್ದು ಇದೇ. ಮೊದಲ ಸಂಜೆ ಬಣ್ಣ ಚೊಲೋ ಬಂತು, ಅಕ್ಷರ ಓಡಿದವು. ಮೂರನೇ ದಿನ ಬರೀ ಬಿಳಿ ಪರದೆ. ಕೋಡ್ ಬದಲಿಸಿದರು, ಲೈಬ್ರರಿ ಬದಲಿಸಿದರು, ಕೊನೆಗೆ ಹುಬ್ಬಳ್ಳಿಗೆ ಹೋಗಿ ಇನ್ನೊಂದು ಡಿಸ್‌ಪ್ಲೇ ತಂದು ಅವೇ ವೈರಿಗೆ ಸಿಕ್ಕಿಸಿದರು. ಅದೂ ವಾರದೊಳಗೆ ಅದೇ ಹಾದಿ ಹಿಡೀತು.

ಅಂಗಡಿಯವರು ‘5 ವೋಲ್ಟ್ ತಡೀತದ್ರೀ’ ಅಂದದ್ದು ಸುಳ್ಳಲ್ಲ, ಅರ್ಧ ಮಾತು. ಮಾಡ್ಯೂಲಿನ ಬೆನ್ನ ಮೇಲಿನ ಮೂರು ಕಾಲಿನ ರೆಗ್ಯುಲೇಟರ್ 5 ವೋಲ್ಟನ್ನು 3.3ಕ್ಕೆ ಇಳಿಸುವುದು ವಿಸಿಸಿ ಎಂಬ ವಿದ್ಯುತ್ ಪಿನ್ನಿಗೆ ಮಾತ್ರ. ಎಸ್‌ಸಿಕೆ, ಎಸ್‌ಡಿಎ, ಎ0, ರೀಸೆಟ್, ಸಿಎಸ್ ಈ ಐದೂ ಸಿಗ್ನಲ್ ಪಿನ್ನು ಸೀದಾ ಪರದೆ ನಡೆಸುವ ಚಿಪ್‌ಗೆ ಹೋಗುತ್ತವೆ. ಊನೋದ ಸಿಗ್ನಲ್ 5 ವೋಲ್ಟ್. 3.3ಕ್ಕಿಂತ ಹೆಚ್ಚಾದದ್ದು ಚಿಪ್ಪಿನೊಳಗಿನ ರಕ್ಷಣಾ ಡಯೋಡ್ ಮೂಲಕ ನುಗ್ಗಿ ನಿಧಾನಕ್ಕೆ ಅದನ್ನು ತಿನ್ನುತ್ತದೆ. ಕೂಡಲೇ ಸುಟ್ಟಿದ್ದರೆ ತಪ್ಪಾದರೂ ಗೊತ್ತಾಗುತ್ತಿತ್ತು!

ಪರಿಹಾರ ಅಗ್ಗದ್ದು. ಐದೂ ಲೈನಿಗೆ ಊನೋ ಕಡೆಯಿಂದ 1ಕೆ (ಸಾವಿರ ಓಮ್) ರೆಸಿಸ್ಟರ್, ಡಿಸ್‌ಪ್ಲೇ ಪಿನ್ನಿನಿಂದ ಗ್ರೌಂಡಿಗೆ 2.2ಕೆ, ಸುಮಾರು 3.4 ವೋಲ್ಟ್ ಸಿಗುತ್ತದೆ. ಮನೆಯಲ್ಲಿದೆ ಅಂತ 10ಕೆ, 22ಕೆ ಹಾಕಬೇಡಿ. ಕ್ಲಾಕ್ 8 ಮೆಗಾಹರ್ಟ್ಸ್ ಓಡುವಾಗ ಸಿಗ್ನಲ್ಲಿನ ಅಂಚು ಸವೆದು ಚಿತ್ರ ಚೆಲ್ಲಾಪಿಲ್ಲಿಯಾಗುತ್ತದೆ. ಸಿಗ್ನಲ್ಲಿನ ವೋಲ್ಟ್ ಇಳಿಸುವ ನಾಲ್ಕು ಚಾನೆಲ್ಲಿನ ಪುಟ್ಟ ಲೆವೆಲ್ ಕನ್ವರ್ಟರ್ ಬೋರ್ಡಿನದೂ ಇದೇ ಗೋಳು: ಒಳಗೆ 10ಕೆ ಪುಲ್‌ಅಪ್, ಮೇಲಾಗಿ ಒಂದು ಲೈನು ಕಡಿಮೆ. ಇದಕ್ಕಿಂತ 74ಎಚ್‌ಸಿ4050 ಚಿಪ್ಪು ಮೇಲು, ಅದರಲ್ಲಿ ಸಿಗ್ನಲ್ ದಾಟಿಸುವ ಆರು ಗೇಟ್ ಇವೆ. ಅದಕ್ಕೆ 3.3 ವೋಲ್ಟ್ ಕೊಡಬೇಕಾದದ್ದು 1ನೇ ಕಾಲಿಗೆ, ಗ್ರೌಂಡ್ 8ಕ್ಕೆ. ರೂಢಿಯಂತೆ 16ನೇ ಕಾಲಿಗೆ ಕೊಟ್ಟು ತಲೆ ಕೆಡಿಸಿಕೊಳ್ಳುವವರು ಬಹಳ. ಅದು ಖಾಲಿ ಕಾಲು.

ಸಿಕ್ಕಿಸುವ ಮುಂಚೆ ಡಿಸ್‌ಪ್ಲೇ ಪಕ್ಕಕ್ಕಿಟ್ಟು ಸ್ಕೆಚ್ (ಊನೋದ ಪ್ರೋಗ್ರಾಂ) ಓಡಿಸಿ, ರೀಸೆಟ್ ತಂತಿಗೆ ಮೀಟರ್ ಹಿಡಿಯಿರಿ. ಅದು ಸುಮ್ಮನೆ ಹೈನಲ್ಲೇ ನಿಂತಿರುತ್ತದೆ, ಓದೋದು ಸುಲಭ. 3.3ರ ಆಸುಪಾಸು ಬಂದರೆ ಸರಿ, 5 ತೋರಿಸಿದರೆ ಅಲ್ಲೇ ನಿಲ್ಲಿ. ಬೆನ್ನ ಮೇಲಿನ ಜೆ1 ಎಂಬ ಬೆಸುಗೆ ಜಾಗ ನೋಡಿ: ಅಲ್ಲಿ ಬೆಸುಗೆ ಹಾಕಿದ್ದರೆ ರೆಗ್ಯುಲೇಟರ್ ದಾಟಿಹೋದಂತೆ, ವಿಸಿಸಿಗೂ 3.3 ಮಾತ್ರ ಕೊಡಬೇಕು. ಬ್ಯಾಕ್‌ಲೈಟಿನ ಎಲ್‌ಇಡಿ ಪಿನ್ನಿಗೂ 3.3.

ಹೆಸರುಗಳೂ ಮೋಸ ಮಾಡುತ್ತವೆ. ಇಲ್ಲಿನ ಎಸ್‌ಡಿಎ ಐ2ಸಿ ಎಂಬ ಎರಡು ತಂತಿ ಸಂಪರ್ಕದ್ದಲ್ಲ, ಊನೋದ 11ಕ್ಕೆ ಹೋಗಬೇಕು, ಎಸ್‌ಸಿಕೆ 13ಕ್ಕೆ. ಎ0 ಅಂದರೆ ಅನಲಾಗ್ ಪಿನ್ನಲ್ಲ, ಡೇಟಾ-ಕಮಾಂಡ್ ಲೈನು. ಉದಾಹರಣೆ ಕೋಡಿನಲ್ಲಿ ಅದಕ್ಕೆ ಯಾವ ಅಂಕಿ ಇದೆಯೋ ಊನೋದ ಆ ಪಿನ್ನಿಗೆ ಸಿಕ್ಕಿಸಿ.

ಬಿಳಿ ಪರದೆ ಕಂಡೊಡನೆ ಸತ್ತಿತು ಅಂತ ಎಸೆಯಬೇಡಿ. ಎ0, ಸಿಎಸ್ ಅದಲುಬದಲಾದರೂ, ರೀಸೆಟ್ ಸಡಿಲಾದರೂ ಹಾಗೇ ಕಾಣುತ್ತದೆ. ಚಿತ್ರ ಬಂದು ಅಂಚಿನಲ್ಲಿ ಕಸದ ಗೆರೆ ಇದ್ದರೆ, ಕೆಂಪು ನೀಲಿಯಾದರೆ, ಲೈಬ್ರರಿಯಲ್ಲಿ ಡಿಸ್‌ಪ್ಲೇ ಬಗೆ ಹೇಳುವ ಬ್ಲ್ಯಾಕ್‌ಟ್ಯಾಬ್ ಬದಲು ಗ್ರೀನ್‌ಟ್ಯಾಬ್ ಇಲ್ಲವೇ ರೆಡ್‌ಟ್ಯಾಬ್ ಹಾಕಿ ನೋಡಿ. ಇಎಸ್‌ಪಿ32 ಬೋರ್ಡ್ ಇದ್ದವರಿಗೆ ರೆಸಿಸ್ಟರಿನ ಉಸಾಬರಿ ಇಲ್ಲ, ಅದರ ಸಿಗ್ನಲ್ಲೇ 3.3.