ಸೂಪರ್ ಮಾರ್ಕೆಟ್ ಕಡೆಯ ಟೈಪಿಂಗ್ ಕ್ಲಾಸ್: ಕಲಿಸೋದು ಗಟ್ಟಿ, ಮೇಜು ಎತ್ತರ

ಕಲಬುರಗಿಯಲ್ಲಿ ನುಡಿ (ಕನ್ನಡ ತಂತ್ರಾಂಶ) ಟೈಪಿಂಗ್ ಕಲಿಯೋರು ಈ ಕ್ಲಾಸಿಗೆ ಧಾರಾಳವಾಗಿ ಸೇರಬಹುದು. ಶುರುವಿಗೆ ವೇಗದ ಮಾತೇ ಇಲ್ಲ. ಎಫ್, ಜೆ ಕೀಗಳ ಉಬ್ಬುಗೆರೆ ಮೇಲೆ ತೋರುಬೆರಳು ಇಡಿಸಿ, ಕೈ ಮೇಲೆ ಬಟ್ಟೆ ಹೊದಿಸಿ ಕೂರಿಸುತ್ತಾರೆ. ನೂರು ಅಕ್ಷರಕ್ಕೆ ಎರಡಕ್ಕಿಂತ ಹೆಚ್ಚು ತಪ್ಪಿದರೆ ವೇಗ ಇಳಿಸಿ ಮತ್ತೆ ಅದೇ ಸಾಲು. ಬೇಜಾರಾಗುತ್ತೆ, ಆದರೆ ಸರಿಯಾದ ಕ್ರಮ ಇದೇ. ತಪ್ಪು ಬೆರಳು ರೂಢಿಯಾದರೆ ಬಿಡಿಸೋದು ಕಷ್ಟ.

ಹೆಚ್ಚಿನವರು ಎಡವೋದು ಒತ್ತಕ್ಷರ ಮತ್ತು ಶಿಫ್ಟ್‌ನಲ್ಲಿ. ‘ಕಲ್ಯಾಣ’ ತಗೊಳ್ಳಿ: ಕೆ, ಎಲ್, ಎಫ್ (ಒತ್ತು ಕೊಡೋ ಕೀ), ವೈ, ಶಿಫ್ಟ್ ಎ, ಶಿಫ್ಟ್ ಎನ್. ‘ಎ’ ಎಡಗೈ ಕಿರುಬೆರಳಿನದು, ಅದಕ್ಕೆ ಬಲಗಡೆ ಶಿಫ್ಟ್. ‘ಎನ್’ ಬಲಗೈಯದು, ಅದಕ್ಕೆ ಎಡಗಡೆ ಶಿಫ್ಟ್. ಎರಡಕ್ಕೂ ಒಂದೇ ಶಿಫ್ಟ್ ಒತ್ತುವವರ ಕೈ ಎಫ್-ಜೆ ಸಾಲು ಬಿಟ್ಟು ಸರಿಯುತ್ತೆ, ವೇಗ ಅಲ್ಲೇ ಕುಂಟುತ್ತೆ. ಇಲ್ಲಿ ಪೂರ್ತಿ ಪುಟ ಹೊಡೆಸೋ ಬದಲು, ಕೈ ತಡೆದ ಇಂಥ ಪದಗಳನ್ನೇ ಆರಿಸಿ ಹತ್ತು ನಿಮಿಷ ಹೊಡೆಸುತ್ತಾರೆ. ಫೀ ಕೊಡೋದು ಇದಕ್ಕೇ ಅನ್ನಿ.

ಮೇಜು ಮಾತ್ರ ಎತ್ತರ, ಮಣಿಕಟ್ಟು ಬಾಗಿ ತಾಸಿನಲ್ಲಿ ನೋವು ಬರುತ್ತೆ. ಕೂರಲು ದಿಂಬು ಒಯ್ಯಿರಿ. ಬ್ಯಾಸಗಿಯಲ್ಲಾದರೆ ಬೆಳಗಿನ ಬ್ಯಾಚೇ ಹಿಡಿಯಿರಿ, ಮಧ್ಯಾಹ್ನ ಬೆವರಿಗೆ ಬೆರಳು ಜಾರುತ್ತವೆ.