ತೆಳು ಎಲ್‌ಸಿಡಿಯ ಫ್ಲೆಕ್ಸ್ ಕೇಬಲ್: ನೇರ ಬೆಸುಗೆ, ಜಿಫ್ ಕನೆಕ್ಟರ್, ಅಡಾಪ್ಟರ್ ಬೋರ್ಡ್

ಮನೆಯಲ್ಲಿ ನಾನೇ ಕಟ್ಟಿದ ತಾಪಮಾನ ದಾಖಲಿಸುವ ಉಪಕರಣಕ್ಕಾಗಿ ಎರಡು ಎಲ್‌ಸಿಡಿಗಳನ್ನು ಬೋರ್ಡಿಗೆ ಜೋಡಿಸಿ ನೋಡಿದೆ. ಮೊದಲನೆಯದು ಪರದೆಯನ್ನು ನಡೆಸುವ ಎಸ್‌ಟಿ7735 ಚಿಪ್ ಇರುವ 1.8 ಇಂಚಿನ ಪರದೆ. ಅದರ ಬಳುಕುವ ಚಪ್ಪಟೆ (ಫ್ಲೆಕ್ಸ್) ಕೇಬಲ್‌ಗೆ 0.8 ಮಿ.ಮೀ. ಪಿಚ್‌ನ (ಅಂದರೆ ಒಂದು ಪಿನ್‌ನಿಂದ ಪಕ್ಕದ ಪಿನ್‌ಗೆ ಇರುವ ಅಂತರ) 14 ಪಿನ್‌ಗಳಿವೆ. ಎರಡನೆಯದು 480×272 ಪಿಕ್ಸೆಲ್‌ಗಳ 4.3 ಇಂಚಿನ ಪರದೆ, ಅದಕ್ಕೆ 0.5 ಮಿ.ಮೀ. ಪಿಚ್‌ನ 40 ಪಿನ್‌ಗಳು. ಕೇಬಲ್ಲನ್ನು ಬೋರ್ಡಿಗೆ ನೇರವಾಗಿ ಬೆಸೆಯುವುದು, ಜಿಫ್ ಕನೆಕ್ಟರಿಗೆ (ಬಲ ಹಾಕದೆ ಕೇಬಲ್ ತೂರಿಸಿ ಚಿಲಕ ಹಾಕುವ ಕೊಂಡಿ) ಸಿಗಿಸುವುದು, ಅಡಾಪ್ಟರ್ ಬೋರ್ಡ್ ಬಳಸುವುದು: ಈ ಮೂರು ವಿಧಾನಗಳಲ್ಲಿ ಯಾವುದು ಒಳ್ಳೆಯದೆಂಬ ಪ್ರಶ್ನೆಯನ್ನು ಬಹುಪಾಲು ಕೇಬಲ್ಲೇ ತೀರ್ಮಾನಿಸಿಬಿಡುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು.

ನೇರ ಬೆಸುಗೆಗೆಂದೇ ತಯಾರಾದ ಕೇಬಲ್‌ನ ತುದಿಯಲ್ಲಿ ತಾಮ್ರದ ಪಟ್ಟಿಗಳು ಎರಡೂ ಕಡೆ ತೆರೆದಿರುತ್ತವೆ. ಆದ್ದರಿಂದ ಮೇಲಿನಿಂದ ಕೊಟ್ಟ ಶಾಖ ಕೆಳಗಿನ ಪ್ಯಾಡ್‌ಗೆ (ಬೋರ್ಡಿನ ಮೇಲಿನ ಬೆಸುಗೆಯ ಲೋಹದ ತಾಣಕ್ಕೆ) ಇಳಿಯುತ್ತದೆ. 1.8 ಇಂಚಿನ ಪರದೆಯದು ಇಂಥ ಕೇಬಲ್. ಬೋರ್ಡಿನ ಪ್ಯಾಡ್‌ಗಳಿಗೆ ತೆಳುವಾಗಿ ಬೆಸುಗೆ ಸೀಸ ಸವರಿ, ಬೆಸುಗೆ ಚೆನ್ನಾಗಿ ಹರಿಯಲು ಧಾರಾಳವಾಗಿ ಫ್ಲಕ್ಸ್ ಹಚ್ಚಿ, ಕೇಬಲ್ಲನ್ನು ಶಾಖ ತಡೆಯುವ ಕ್ಯಾಪ್ಟಾನ್ ಟೇಪಿನಿಂದ ಹಿಡಿಸಿ, ಮೊದಲು ಸಾಲಿನ ಎರಡೂ ತುದಿಯ ಪಿನ್‌ಗಳನ್ನಷ್ಟೇ ಬೆಸೆದು, ಭೂತಗನ್ನಡಿಯಲ್ಲಿ ಸಾಲು ನೇರವಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆ ಸುಮಾರು 320 ಡಿಗ್ರಿಯ ಓರೆ ತುದಿಯ ಬೆಸುಗೆ ಐರನ್ನನ್ನು ಉಳಿದವುಗಳ ಮೇಲೆ ನಿಧಾನವಾಗಿ ಎಳೆದೆ. ಹತ್ತು ನಿಮಿಷದ ಕೆಲಸ. ಪಕ್ಕಪಕ್ಕದ ಪಿನ್‌ಗಳು ಕೂಡಿಕೊಂಡಿವೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡುವಾಗ ಒಂದೆಡೆ ಬೀಪ್ ಬಂದು ಗಾಬರಿಯಾದೆ. ಅವೆರಡೂ ಮೊದಲೇ ಒಂದಕ್ಕೊಂದು ಕೂಡಿರುವ ಗ್ರೌಂಡ್ ಪಿನ್‌ಗಳೇ ಆಗಿದ್ದವು. ಈ ವಿಧಾನದ ದೋಷ ಪರದೆ ಕೆಟ್ಟಾಗ ಕಾಣುತ್ತದೆ: ಬಿಡಿಸಲು ಹೊರಟರೆ ಕೇಬಲ್ಲಿನ ಪಟ್ಟಿಗಳೋ ಬೋರ್ಡಿನ ಪ್ಯಾಡ್‌ಗಳೋ ಎದ್ದುಬರುವ ಸಾಧ್ಯತೆ ಹೆಚ್ಚು.

4.3 ಇಂಚಿನದನ್ನೂ ಹೀಗೆಯೇ ಬೆಸೆಯಲು ಹೋಗಿ ಸೋತೆ. ಅದರ ತುದಿಯ ಹಿಂಬದಿಗೆ ಗಡುಸು ಪಟ್ಟಿಯೊಂದನ್ನು ಅಂಟಿಸಿರುತ್ತಾರೆ. ಸಂಪರ್ಕಗಳನ್ನು ಪ್ಯಾಡ್‌ಗಳ ಮೇಲೆ ಕವುಚಿ ಇಟ್ಟಾಗ ಐರನ್ ಮುಟ್ಟುವುದು ಆ ಪಟ್ಟಿಯನ್ನೇ ಹೊರತು ಲೋಹವನ್ನಲ್ಲ. ಅದು ಜಿಫ್ ಕನೆಕ್ಟರಿಗೆಂದೇ ಮಾಡಿದ ಕೇಬಲ್. ವಿಪರ್ಯಾಸವೆಂದರೆ, ಬೆಸುಗೆ ತಪ್ಪಿಸಲು ತಂದ ಕನೆಕ್ಟರನ್ನು ಬೋರ್ಡಿಗೆ ಬೆಸೆಯುವುದೇ 1.8 ಇಂಚಿನ ಕೇಬಲ್ಲಿಗಿಂತ ಕಷ್ಟವಾಯಿತು. ಪಿಚ್ ಸಣ್ಣದು, ಫ್ಲಕ್ಸ್ ಹೆಚ್ಚಾದರೆ ಒಳಗಿನ ಸಂಪರ್ಕಗಳಿಗೆ ಹರಿಯುತ್ತದೆ, ಐರನ್ ತಗುಲಿದರೆ ಪ್ಲಾಸ್ಟಿಕ್ ಚಿಲಕ ಕರಗುತ್ತದೆ.

ಆದರೆ ನಿಜವಾದ ತೊಡಕು ಬೇರೆಯೇ ಇತ್ತು. ಕೇಬಲ್ ನೇರವಾಗಿ ಚಾಚಿದ್ದಾಗ ಸಂಪರ್ಕಗಳು ಕೆಳಮುಖವಾಗಿದ್ದವು. ಅದನ್ನು ನೋಡಿ ಕೆಳಬದಿ ಸಂಪರ್ಕದ ಕನೆಕ್ಟರನ್ನು ಆರಿಸಿ ಬೋರ್ಡ್ ಮಾಡಿಸಿದೆ. ಡಬ್ಬಿಯೊಳಗೆ ಜಾಗ ಸಾಲದೆ ಬೋರ್ಡನ್ನು ಪರದೆಯ ಹಿಂದೆ ಇಟ್ಟು ಕೇಬಲ್ಲನ್ನು ಮಡಚಿದೊಡನೆ ಅವೇ ಸಂಪರ್ಕಗಳು ಮೇಲ್ಮುಖವಾದವು, ಪರದೆ ಬೆಳಗಲಿಲ್ಲ. ಮೇಲೆ ಕೆಳಗೆ ಎರಡೂ ಕಡೆ ಸಂಪರ್ಕವಿರುವ ಕನೆಕ್ಟರುಗಳು ಸಿಗುತ್ತವೆ. ಒಂದನ್ನು ತಂದು ಹಾಕಿದೆ. ಈ ಬಾರಿ ವಿದ್ಯುತ್ ಕೊಡುವ ಮುನ್ನ ಗ್ರೌಂಡ್ ಪಿನ್ ಪರೀಕ್ಷಿಸಿದ್ದು ನನ್ನ ಪುಣ್ಯ: ಬೋರ್ಡ್ ತಿರುಗಿ ಕೂತಿದ್ದರಿಂದ ಕೇಬಲ್ಲಿನ 1ನೇ ಪಿನ್ ಬೋರ್ಡಿನ 40ನೇ ಪ್ಯಾಡಿಗೆ ಬಂದಿತ್ತು. ಮಡಿಕೆಯು ಮುಖವನ್ನಷ್ಟೇ ಅಲ್ಲ, ಹೀಗೆ ಕೂರಿಸಿದಾಗ ಸಾಲಿನ ಕ್ರಮವನ್ನೂ ಬದಲಿಸುತ್ತದೆ. ಎರಡು ಬದಿಯ ಕನೆಕ್ಟರ್ ಮೊದಲನೆಯದಕ್ಕೆ ಮಾತ್ರ ಮದ್ದು. ಬೋರ್ಡನ್ನು ಮತ್ತೆ ಮಾಡಿಸಬೇಕಾಯಿತು. ಈಗ ವಿನ್ಯಾಸಕ್ಕೆ ಮೊದಲು ಕಾಗದದ ಪಟ್ಟಿಯೊಂದರ ಅಂಚಿಗೆ 1 ಎಂದು ಬರೆದು, ಡಬ್ಬಿಯಲ್ಲಿ ಮಡಚುವಂತೆಯೇ ಮಡಚಿ ನೋಡುತ್ತೇನೆ.

ಅಡಾಪ್ಟರ್ ಬೋರ್ಡಿನಲ್ಲಿ ಕನೆಕ್ಟರ್ ಬೆಸೆದೇ ಬರುತ್ತದೆ, ಇನ್ನೊಂದು ಬದಿಗೆ 2.54 ಮಿ.ಮೀ. ಪಿನ್‌ಗಳ ಸಾಲಿರುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನನಗೆ ಸುಲಭವಾಗಿ ಸಿಕ್ಕಿತು. ಹೊಸ ಪರದೆ ಜೀವಂತವಿದೆಯೇ ಎಂದು ನೋಡಲು ಇದಕ್ಕಿಂತ ಅನುಕೂಲ ಬೇರೊಂದಿಲ್ಲ. ಆದರೆ 4.3 ಇಂಚಿನ ಪರದೆಗೆ ಸುಮಾರು 9 ಮೆಗಾಹರ್ಟ್ಸ್‌ನ ಪಿಕ್ಸೆಲ್ ಕ್ಲಾಕ್ (ಪಿಕ್ಸೆಲ್‌ಗಳ ಮಾಹಿತಿಗೆ ತಾಳ ಹಾಕುವ ಸಂಕೇತ) ಬೇಕು, 20 ಸೆಂ.ಮೀ. ಜಂಪರ್ ತಂತಿಗಳಲ್ಲಿ ಕೊಟ್ಟಾಗ ಚಿತ್ರದ ತುಂಬ ಬಣ್ಣದ ಚುಕ್ಕೆಗಳು ಹಾರಾಡಿದವು, ತಂತಿಗಳನ್ನು ಕತ್ತರಿಸಿ 5 ಸೆಂ.ಮೀ.ಗೆ ಇಳಿಸಿದ ಮೇಲೆ ಮಾಯವಾದವು. ಡಬ್ಬಿಯಲ್ಲಿ ಅಡಾಪ್ಟರ್ ತಿನ್ನುವ ಜಾಗವೂ ಕಡಿಮೆಯಲ್ಲ.

ಸದ್ಯ ಉಪಕರಣದಲ್ಲಿ ಇರುವುದು ಜಿಫ್ ಕನೆಕ್ಟರಿನ ದೊಡ್ಡ ಪರದೆ. ಇಂಥ ಕನೆಕ್ಟರುಗಳು ಹಲವು ಬಾರಿ ತೆಗೆದುಹಾಕಲು ಮಾಡಿದವಲ್ಲ, ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಸಲಕ್ಕೆ ಮಾತ್ರ ಖಾತರಿ. ಆದ್ದರಿಂದ ಪ್ರಯೋಗಗಳನ್ನೆಲ್ಲ ಅಡಾಪ್ಟರಿನಲ್ಲೇ ಮುಗಿಸುತ್ತೇನೆ. ಬೆಸೆದ ಸಣ್ಣ ಪರದೆ ಬಾಲ್ಕನಿಯ ಪೆಟ್ಟಿಗೆಯಲ್ಲಿ ಓಡುತ್ತಿದೆ. ಅದನ್ನು ಬಿಚ್ಚುವ ಯೋಚನೆ ನನಗಿಲ್ಲ.