ಮಹಾನಗರದ ನಾಲ್ಕು ವಿಶ್ವವಿದ್ಯಾಲಯಗಳು: ಮಗಳಿಗಾಗಿ ತೂಗಿ ನೋಡಿದಾಗ

ಅಮೆರಿಕದ ದೊಡ್ಡ ನಗರಗಳ ಒಳಗೇ ಇರುವ ಕೊಲಂಬಿಯಾ, ಶಿಕಾಗೊ, ಪೆನ್ಸಿಲ್ವೇನಿಯಾ ಮತ್ತು ಎನ್‌ವೈಯು ಎಂದೇ ಎಲ್ಲರೂ ಕರೆಯುವ ನ್ಯೂಯಾರ್ಕ್ ವಿಶ್ವವಿದ್ಯಾಲಯ, ಈ ನಾಲ್ಕೂ ಹೆಸರಾಂತವು, ನಾಲ್ಕೂ ದುಬಾರಿ, ನಾಲ್ಕರಲ್ಲೂ ಪ್ರವೇಶ ಸಿಗುವುದು ಕಷ್ಟ. ಶ್ರೇಯಾಂಕದ ಪಟ್ಟಿ ಹಿಡಿದು ಇವುಗಳಲ್ಲಿ ಒಂದನ್ನು ಆರಿಸಲು ಹೊರಟವರಿಗೆ ಹೆಚ್ಚೇನೂ ತಿಳಿಯಲಾರದು. ನಮ್ಮ ಮಗಳ ಸಲುವಾಗಿ ಇವುಗಳ ಪಠ್ಯಕ್ರಮ, ವಸತಿ ಮತ್ತು ಶುಲ್ಕದ ವಿವರಗಳನ್ನು ಓದುತ್ತಾ ಹೋದಂತೆ ಎರಡು ಪ್ರಶ್ನೆಗಳು ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದವು: ಮೊದಲ ಎರಡು ವರ್ಷಗಳಲ್ಲಿ ವಿದ್ಯಾರ್ಥಿಯು ಏನನ್ನು ಓದಲೇಬೇಕು, ಮತ್ತು ಸುತ್ತಲಿನ ನಗರವು ಆ ಓದಿನೊಳಕ್ಕೆ ಬರುತ್ತದೆಯೇ ಅಥವಾ ವಾರಾಂತ್ಯದ ತಿರುಗಾಟಕ್ಕಷ್ಟೇ ಉಳಿಯುತ್ತದೆಯೇ.

ಈ ಎರಡೂ ಪ್ರಶ್ನೆಗಳಿಗೆ ಅತ್ಯಂತ ಸ್ಪಷ್ಟವಾದ ಉತ್ತರ ಕೊಡುವುದು ನ್ಯೂಯಾರ್ಕಿನಲ್ಲಿರುವ ಕೊಲಂಬಿಯಾ. 1754ರಲ್ಲಿ ಕಿಂಗ್ಸ್ ಕಾಲೇಜ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸಂಸ್ಥೆಯ ಕೋರ್, ಅಂದರೆ ಎಲ್ಲರಿಗೂ ಕಡ್ಡಾಯವಾದ ಪಠ್ಯಕ್ರಮವು, 1919ರಲ್ಲಿ ಶುರುವಾದ ಸಮಕಾಲೀನ ನಾಗರಿಕತೆಯ ತರಗತಿಯಿಂದ ಬೆಳೆದು ಬಂದದ್ದು. ಕೊಲಂಬಿಯಾ ಕಾಲೇಜಿಗೆ ಸೇರಿದವರು ಮುಂದೆ ಅರ್ಥಶಾಸ್ತ್ರಜ್ಞರಾಗಲಿ, ಜೀವವಿಜ್ಞಾನಿಗಳಾಗಲಿ, ಹೋಮರನಿಂದ ಮೊದಲುಗೊಂಡು ಪ್ರಾಚೀನ ಮತ್ತು ಆಧುನಿಕ ಕೃತಿಗಳನ್ನು ಸಣ್ಣ ಗುಂಪುಗಳಲ್ಲಿ ಕುಳಿತು ಚರ್ಚಿಸಲೇಬೇಕು. ಕಲೆ ಮತ್ತು ಸಂಗೀತದ ತರಗತಿಗಳೂ ಇದರ ಭಾಗವೇ ಆಗಿರುವುದರಿಂದ ಮೆಟ್ರೊಪಾಲಿಟನ್ ಮ್ಯೂಸಿಯಂನಂತಹ ಸಂಗ್ರಹಾಲಯಗಳು ಪಾಠದ ಕೊಠಡಿಗಳಾಗುತ್ತವೆ. ನಗರದಲ್ಲಿ ಓದುವುದಕ್ಕೆ ನಿಜವಾದ ಅರ್ಥ ಬರುವುದು ಇಂತಹ ಕಡೆಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಂಜಿನಿಯರಿಂಗ್ ಶಾಲೆಗೆ ಸೇರುವವರಿಗೆ ಈ ಕೋರ್‌ನ ಒಂದು ಭಾಗ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಅರ್ಜಿ ಹಾಕುವ ಮೊದಲೇ ತಿಳಿದಿರಬೇಕು. ಬ್ರಾಡ್‌ವೇ ಮತ್ತು 116ನೇ ಬೀದಿ ಕೂಡುವಲ್ಲಿ ಗೇಟು, ಗೇಟಿನ ಎದುರಲ್ಲೇ ಸಬ್‌ವೇ ನಿಲ್ದಾಣ, ಒಳಗೆ ಮೆಟ್ಟಿಲು, ಹುಲ್ಲುಹಾಸು, ಗ್ರಂಥಾಲಯಗಳಿಂದ ಕೂಡಿದ ಆವರಣ. ಪದವಿ ವಿದ್ಯಾರ್ಥಿಗಳಿಗೆ ನಾಲ್ಕು ವರ್ಷವೂ ವಸತಿಯ ಭರವಸೆ ಇರುವುದು, ಮ್ಯಾನ್‌ಹಟ್ಟನ್ನಿನ ಬಾಡಿಗೆಯನ್ನು ಬಲ್ಲವರಿಗೆ, ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಶಿಕಾಗೊ ವಿಶ್ವವಿದ್ಯಾಲಯದಲ್ಲಿಯೂ ಕೋರ್ ಇದೆ, ಆದರೆ ಅದರ ಸ್ವಭಾವವೇ ಬೇರೆ. ಇಲ್ಲಿ ಎಲ್ಲರೂ ಒಂದೇ ಪಟ್ಟಿಯನ್ನು ಓದುವುದಿಲ್ಲ. ಮಾನವಿಕ, ಸಮಾಜವಿಜ್ಞಾನ, ನಾಗರಿಕತೆ, ವಿಜ್ಞಾನ, ಗಣಿತ ಎಂಬ ಪ್ರತಿಯೊಂದು ಕ್ಷೇತ್ರದೊಳಗೂ ಹಲವು ಸರಣಿಗಳಿದ್ದು, ವಿದ್ಯಾರ್ಥಿಯು ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾನೆ. ಪೋಷಕರು ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲಿನ ಕ್ವಾರ್ಟರ್ ಪದ್ಧತಿಗೆ. ಸೆಮಿಸ್ಟರ್ ಇರುವ ಕಡೆ ಹದಿನಾಲ್ಕು ಹದಿನೈದು ವಾರ ನಡೆಯುವ ಪಾಠದ ಬದಲಿಗೆ ಇಲ್ಲಿ ಸುಮಾರು ಒಂಬತ್ತು ಹತ್ತು ವಾರಗಳಲ್ಲಿ ಒಂದು ವಿಷಯ ಮುಗಿದುಹೋಗುತ್ತದೆ, ಆದ್ದರಿಂದ ಎರಡು ವಾರ ಜ್ವರ ಬಂದು ಮಲಗಿದ ವಿದ್ಯಾರ್ಥಿಗೆ ಹಿಂದುಳಿದ ಪಾಠವನ್ನು ಸರಿದೂಗಿಸಿಕೊಳ್ಳಲು ಬಹಳ ಕಡಿಮೆ ಸಮಯ ಉಳಿಯುತ್ತದೆ. ವೇಗವನ್ನು ಇಷ್ಟಪಡುವ, ವಾದಕ್ಕೆ ಅಂಜದ ಮಕ್ಕಳಿಗೆ ಇದು ಹಬ್ಬ. ನಿಧಾನವಾಗಿ ಮಾಗುವ ಮಕ್ಕಳನ್ನು ಇಲ್ಲಿಗೆ ಕಳುಹಿಸುವ ಮೊದಲು ನಾನಂತೂ ಎರಡು ಸಲ ಯೋಚಿಸುತ್ತೇನೆ. ಪದವಿ ಮಟ್ಟದ ಎಂಜಿನಿಯರಿಂಗ್ ಎಂದರೆ ಇಲ್ಲಿ ಅಣುಗಳ ಮಟ್ಟದಲ್ಲಿ ಕೆಲಸ ಮಾಡುವ ಮಾಲಿಕ್ಯುಲರ್ ಎಂಜಿನಿಯರಿಂಗ್ ಮಾತ್ರ ಎಂಬುದನ್ನೂ ಮರೆಯಬಾರದು. ವಿಶ್ವವಿದ್ಯಾಲಯವಿರುವ ಹೈಡ್ ಪಾರ್ಕ್ ಬಡಾವಣೆಯು ನಗರದ ವ್ಯಾಪಾರ ಕೇಂದ್ರದಿಂದ ದಕ್ಷಿಣಕ್ಕೆ ಸುಮಾರು 11 ಕಿಲೋಮೀಟರ್ ದೂರದಲ್ಲಿ, ಮಿಶಿಗನ್ ಸರೋವರದ ಬಳಿ ಇರುವುದರಿಂದ ನಗರ ಇಲ್ಲಿ ರೈಲು ಹತ್ತಿ ಹೋಗುವ ಜಾಗ. ಅದರ ಬದಲಿಗೆ ಸಿಗುವುದು ಆವರಣದೊಳಗಿನ ಗಾಢವಾದ ಬದುಕು: ಮೊದಲ ಎರಡು ವರ್ಷ ಅಲ್ಲಿಯ ವಸತಿಯಲ್ಲೇ ಇರಬೇಕು, ಪ್ರತಿ ವಸತಿಗೃಹವೂ ಹೌಸ್ ಎಂಬ ಚಿಕ್ಕ ಬಳಗಗಳಾಗಿ ಹಂಚಿಕೊಂಡಿರುತ್ತದೆ, ಊಟದ ಸಭಾಂಗಣದಲ್ಲಿ ಆ ಬಳಗಕ್ಕೆ ತನ್ನದೇ ಮೇಜು ಇರುತ್ತದೆ. 1942ರ ಡಿಸೆಂಬರ್ 2ರಂದು ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆದ ಹಳೆಯ ಕ್ರೀಡಾಂಗಣದ ಜಾಗದಲ್ಲಿ ಈಗ ರೆಗೆನ್‌ಸ್ಟೈನ್ ಗ್ರಂಥಾಲಯ ನಿಂತಿದೆ ಎಂಬುದು ಆ ಜಾಗದ ಗುಣವನ್ನು ಹೇಳುತ್ತದೆ.

ಎನ್‌ವೈಯುಗೆ ಗೋಡೆಯಿಲ್ಲ, ಗೇಟಿಲ್ಲ. ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನ ಸುತ್ತ ನೇರಳೆ ಬಣ್ಣದ ಬಾವುಟ ಹಾರುತ್ತಿರುವ ಕಟ್ಟಡಗಳೇ ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಶಾಲೆಯಾದ ಟ್ಯಾಂಡನ್ ಇರುವುದು ಬ್ರೂಕ್ಲಿನ್‌ನಲ್ಲಿ. ಚಲನಚಿತ್ರ ಮತ್ತು ರಂಗಭೂಮಿಗೆ ಟಿಶ್, ಹಣಕಾಸಿಗೆ ಸ್ಟರ್ನ್, ಗಣಿತಕ್ಕೆ ಕೂರಾಂಟ್ ಎಂಬ ಹೆಸರುಗಳು ತಮ್ಮ ತಮ್ಮ ವಲಯಗಳಲ್ಲಿ ದೊಡ್ಡವು, ಅಬುಧಾಬಿ ಮತ್ತು ಶಾಂಘೈಗಳಲ್ಲಿ ಪೂರ್ಣ ಪ್ರಮಾಣದ ಕ್ಯಾಂಪಸ್‌ಗಳೂ ಇವೆ. ಏನು ಬೇಕೆಂದು ಹದಿನೇಳನೆಯ ವಯಸ್ಸಿಗೇ ಗೊತ್ತಿರುವ, ತನ್ನ ದಿನವನ್ನು ತಾನೇ ಕಟ್ಟಿಕೊಳ್ಳಬಲ್ಲ ಮಗುವಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆದರೆ ಪದವಿ ವಿದ್ಯಾರ್ಥಿಗಳೇ 25,000ಕ್ಕಿಂತ ಹೆಚ್ಚಿರುವ, ಸಂಜೆಯಾಗುತ್ತಲೇ ಎಲ್ಲರೂ ನಗರದಲ್ಲಿ ಕರಗಿಹೋಗುವ ಇಂತಹ ಕಡೆ ಸಂಕೋಚದ ಮಗು ಒಂಟಿಯಾಗಿಬಿಡಬಹುದೆಂಬ ಅಳುಕು ನನ್ನಲ್ಲಿ ಉಳಿದಿದೆ.

ಪೆನ್ ಎಂದು ಕರೆಯುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಬಗ್ಗೆ ಹೆಚ್ಚು ವಿಸ್ತರಿಸಬೇಕಾಗಿಲ್ಲ, ಏಕೆಂದರೆ ಅದು ಯಾರಿಗೆ ಹೊಂದುತ್ತದೆ ಎಂಬುದು ಸುಲಭವಾಗಿ ತಿಳಿಯುತ್ತದೆ. 1881ರಲ್ಲಿ ಸ್ಥಾಪನೆಯಾದ ಇಲ್ಲಿನ ವಾರ್ಟನ್ ಅಮೆರಿಕದ ಮೊದಲ ವಿಶ್ವವಿದ್ಯಾಲಯ ಮಟ್ಟದ ವಾಣಿಜ್ಯ ಶಾಲೆ. ವಾಣಿಜ್ಯದೊಂದಿಗೆ ಎಂಜಿನಿಯರಿಂಗ್ ಅಥವಾ ಬೇರೊಂದು ವಿಷಯವನ್ನು ಜೋಡಿಸಿ ಓದಬಯಸುವವರಿಗೆ ಇಲ್ಲಿ ದಾರಿಗಳು ಬಹಳ. ವಾಹನಗಳಿಲ್ಲದ ಲೋಕಸ್ಟ್ ವಾಕ್ ಆವರಣವನ್ನು ಒಂದಾಗಿ ಹಿಡಿದಿಟ್ಟಿದೆ, ಫಿಲಡೆಲ್ಫಿಯಾದ ಮುಖ್ಯ ರೈಲು ನಿಲ್ದಾಣ ನಡೆದು ಹೋಗುವಷ್ಟು ಹತ್ತಿರದಲ್ಲಿದೆ.

ಸುರಕ್ಷತೆಯ ವಿಷಯದಲ್ಲಿ ಬಂಧುಗಳ ಮಾತಿಗಿಂತ ದಾಖಲೆಯನ್ನು ನಂಬುವುದು ಮೇಲು. 1990ರ ಕ್ಲೆರಿ ಕಾಯ್ದೆಯ ಪ್ರಕಾರ ಅಮೆರಿಕದ ಕೇಂದ್ರ ಸರ್ಕಾರದ ನೆರವು ಪಡೆಯುವ ಪ್ರತಿ ಕಾಲೇಜೂ ತನ್ನ ಆವರಣದ ಅಪರಾಧಗಳ ವಾರ್ಷಿಕ ವರದಿಯನ್ನು ಅಕ್ಟೋಬರ್ 1ರೊಳಗೆ ಪ್ರಕಟಿಸಬೇಕು. ನಾಲ್ಕು ವರದಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ.

ಹಣದ ಲೆಕ್ಕದಲ್ಲಿ ಎಚ್ಚರ ಅಗತ್ಯ. ಬೋಧನೆ, ವಸತಿ, ಊಟ ಎಲ್ಲ ಸೇರಿ ವರ್ಷದ ಘೋಷಿತ ವೆಚ್ಚ ಈ ನಾಲ್ಕರಲ್ಲೂ 90,000 ಡಾಲರ್‌ಗಳ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲಿದೆ, ಆದರೆ ಕುಟುಂಬ ನಿಜವಾಗಿ ಕಟ್ಟುವ ಮೊತ್ತ ಬೇರೆಯೇ ಇರಬಹುದು. ಪ್ರತಿ ಸಂಸ್ಥೆಯ ಜಾಲತಾಣದಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಆ ಅಂದಾಜನ್ನು ಮೊದಲೇ ಕೊಡುತ್ತದೆ. ಈಶಾನ್ಯ ಅಮೆರಿಕದ ಎಂಟು ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳ ಕೂಟವಾದ ಐವಿ ಲೀಗಿಗೆ ಸೇರಿದ ಕೊಲಂಬಿಯಾ ಮತ್ತು ಪೆನ್ ಅಂಕಗಳನ್ನೋ ಪ್ರತಿಭೆಯನ್ನೋ ನೋಡಿ ವಿದ್ಯಾರ್ಥಿವೇತನ ಕೊಡುವುದಿಲ್ಲ, ಕುಟುಂಬದ ಅಗತ್ಯವನ್ನು ನೋಡಿ ಮಾತ್ರ ಕೊಡುತ್ತವೆ. ಶಿಕಾಗೊದಲ್ಲಿ ಎರಡೂ ಬಗೆಯವು ಇವೆ. ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇಲ್ಲದ ಅರ್ಜಿದಾರರು ನೆರವು ಕೇಳಿದರೆ ಕೊಲಂಬಿಯಾ, ಪೆನ್, ಶಿಕಾಗೊಗಳಲ್ಲಿ ಅದು ಪ್ರವೇಶದ ನಿರ್ಧಾರದ ಮೇಲೆಯೇ ಪರಿಣಾಮ ಬೀರಬಹುದು. ನವೆಂಬರ್ ಆರಂಭದಲ್ಲಿ ಸಲ್ಲಿಸುವ ಅರ್ಲಿ ಡಿಸಿಷನ್ ಅರ್ಜಿಗೆ ಪ್ರವೇಶ ಸಿಕ್ಕರೆ, ನೆರವು ಸಾಲದ ಸಂದರ್ಭವನ್ನು ಬಿಟ್ಟು, ಅಲ್ಲಿಗೇ ಸೇರಬೇಕು, ಹಾಗಾಗಿ ಬೇರೆ ಸಂಸ್ಥೆಗಳ ನೆರವಿನ ಪತ್ರಗಳನ್ನು ಹೋಲಿಸಿ ನೋಡುವ ಅವಕಾಶ ತಪ್ಪಿಹೋಗುತ್ತದೆ.

ವಿಷಯ ಇನ್ನೂ ಗಟ್ಟಿಯಾಗದ, ಆದರೆ ಪುಸ್ತಕ ಕಂಡರೆ ಬಿಡದ ನಮ್ಮ ಮಗಳಂತಹ ವಿದ್ಯಾರ್ಥಿಗೆ ನಾನು ಕೊಲಂಬಿಯಾವನ್ನು ಮೊದಲಿಗೂ ಶಿಕಾಗೊವನ್ನು ಅದರ ಹಿಂದೆಯೂ ಇಡುತ್ತೇನೆ. ಆದರೂ ಅರ್ಲಿ ಡಿಸಿಷನ್‌ಗೆ ಹೋಗದೆ ಎರಡಕ್ಕೂ ಸಾಮಾನ್ಯ ಸುತ್ತಿನಲ್ಲೇ ಅರ್ಜಿ ಹಾಕುವುದೆಂದು ನಿಶ್ಚಯಿಸಿದ್ದೇವೆ. ಎರಡೂ ಕಡೆ ಪ್ರವೇಶ ಸಿಕ್ಕರೆ, ಮೇ 1ರ ಗಡುವಿನೊಳಗೆ ನೆರವಿನ ಪತ್ರಗಳನ್ನು ಎದುರಿಗಿಟ್ಟುಕೊಂಡು ತೀರ್ಮಾನಿಸುತ್ತೇವೆ.